ನಿದ್ದಿ ಸಾಲಿ ಅಕ್ಕೋರು

ಮಸ್ಕಿಯ ಜನ ಅವರ ಶಾಲೆಗೆ ‘ನಿದ್ದಿ ಸಾಲಿ’ ಎಂದು ಹೆಸರಿಟ್ಟಿದ್ದರು. ಚೇಷ್ಟೆಗೆ ಇಟ್ಟ ಹೆಸರು. ಅಕ್ಕೋರು ಅದನ್ನು ಒಮ್ಮೆಯೂ ತಿದ್ದಲಿಲ್ಲ. ಯಾರಾದರೂ ದಾರಿಯಲ್ಲಿ ನಿಲ್ಲಿಸಿ, “ಏನ್ರಿ ಅಕ್ಕೋರ, ನಿದ್ದಿ ಸಾಲಿ ಹೆಂಗ ನಡದೈತಿ?” ಎಂದು ಕೆಣಕಿದರೆ, “ಚಲೋ ನಡದೈತ್ರಿ. ನಿಮ್ಮ ಮನ್ಯಾಗಿಂದ ಇನ್ನಾ ಯಾರೂ ಬಂದಿಲ್ಲ ನೋಡ್ರಿ, ಕಳಸ್ರಿ” ಎಂದು ಕೇಳಿದವರನ್ನೇ ಪೇಚಿಗೆ ಸಿಕ್ಕಿಸಿ ಮುಂದೆ ಹೋಗಿಬಿಡುತ್ತಿದ್ದರು. ಅವರ ನಡಿಗೆ ಅಂಥದ್ದು, ಜೊತೆಗೆ ಹೆಜ್ಜೆ ಹಾಕಬೇಕೆಂದರೆ ನಾವು ಓಡಬೇಕಾಗುತ್ತಿತ್ತು.

ಹೋದ ತಿಂಗಳು ಸಿಂಧನೂರಿನಲ್ಲಿ, ತಮ್ಮನ ಮಗನ ಮನೆಯಲ್ಲಿ, ಅವರು ತೀರಿಕೊಂಡರೆಂದು ಕಾಗದ ಬಂತು. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ನಾವ್ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಹೆಣ್ಣು ಮಾಸ್ತರರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ನಮಗೆ ಊರಿಗೆಲ್ಲ ಅವರೊಬ್ಬರೇ ಅಕ್ಕೋರು.

ಎತ್ತರದ ಆಳು, ಬಿಳಿ ಸೀರೆ, ಹಣೆಯ ತುಂಬ ವಿಭೂತಿ. ಬಲಗಿವಿ ಮಂದ. ಹಾಗಾಗಿ ಯಾರೇ ಮಾತಾಡಿದರೂ ಎಡಗಿವಿಯನ್ನು ಮುಂದಕ್ಕೆ ತಂದು, ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು. ಹಾಗೆ ಕೇಳಿಸಿಕೊಂಡವರು ನನ್ನ ಬದುಕಿನಲ್ಲಿ ಅದಕ್ಕೆ ಮೊದಲು ಯಾರೂ ಇರಲಿಲ್ಲ. ಅಕ್ಕೋರು ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲ ಲಿಂಗಸುಗೂರಿನಲ್ಲೇ. ಆಮೇಲೆ ಸರಹದ್ದಿನಾಚೆ ಇಂಗ್ರೇಜಿಯವರ ಸೀಮೆಯಲ್ಲಿ, ಬಾಗಲಕೋಟೆಯ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಯ ಏಳನೇ ಇಯತ್ತೆ ಮುಗಿಸಿದ್ದರು. ತಮ್ಮ ಮಸ್ಕಿಗೆ ಬಂದು ಹತ್ತಿ ವ್ಯಾಪಾರ ಹಿಡಿದಾಗ ಇವರೂ ಬಂದರು. ಹತ್ತಿ ತುಂಬುವ ಎರಡು ಕೋಣೆಗಳಲ್ಲಿ ಒಂದನ್ನು ತಮ್ಮನಿಂದ ಕೇಳಿ ಪಡೆದು ಹೆಣ್ಣುಮಕ್ಕಳ ಶಾಲೆ ತೆರೆದರು. ನಮ್ಮ ನಿಜಾಮರ ಸೀಮೆಯ ಸಣ್ಣ ಊರುಗಳಲ್ಲಿ ಆಗ ಸರ್ಕಾರಿ ಶಾಲೆಯೆಂದರೆ ಉರ್ದು, ಗಂಡುಮಕ್ಕಳಿಗೆ ಮಾತ್ರ. ಮದುವೆಯಾದ ಹೆಂಗಸು ಕನ್ನಡ ಕಲಿಯುವುದೆಂದರೆ ಜನ ನಗುತ್ತಿದ್ದರು.

ನಾನು ಅಲ್ಲಿಗೆ ಹೋದಾಗ ನನಗೆ ಇಪ್ಪತ್ತು ವರ್ಷ. ದೊಡ್ಡ ಯುದ್ಧ ನಡೆದಿದ್ದ ಕಾಲ. ಜವಳಗೇರಾದ ತವರಿನಿಂದ ಮಸ್ಕಿಯ ಕಿರಾಣಿ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದಿದ್ದೆ. ಎಂಟು ತಿಂಗಳ ಮಗಳಿದ್ದಳು. ಬೆಳ್ಳಿಚಿಕ್ಕಿ ಮೂಡುವ ಹೊತ್ತಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂಡಬೇಕು, ಹನ್ನೊಂದು ಮಂದಿಗೆ ಜೋಳದ ರೊಟ್ಟಿ ಬಡಿಯಬೇಕು. ರಾತ್ರಿ ಕೂಸು ನಿದ್ದೆ ಕೊಡುತ್ತಿರಲಿಲ್ಲ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಮರುದಿನ ಹಾಕುವುದನ್ನೇ ಮರೆತೆ. ಬಾವಿಗೆ ಹೋದವಳು ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದೆ. ಒಂದು ಮಧ್ಯಾಹ್ನ ಅಳು ನಿಲ್ಲಿಸದ ಕೂಸಿನ ಬೆನ್ನಿಗೆ ಎಷ್ಟು ಜೋರಾಗಿ ಹೊಡೆದೆನೆಂದರೆ ನನ್ನ ಐದೂ ಬೆರಳು ಮೂಡಿದವು. ಅವಳನ್ನು ಎದೆಗವಚಿಕೊಂಡು ನಾನೂ ಅಳುತ್ತ ಕೂತೆ. ನಾನು ಕೆಟ್ಟವಳಾಗುತ್ತಿದ್ದೇನೆ ಎಂದು ನನಗೇ ಭಯ ಹುಟ್ಟಿತ್ತು.

ಅಕ್ಷರ ಕಲಿತರೆ ಅಂಗಡಿಗೆ ಬಂದ ಕಾಗದ ಓದಬಹುದೆಂದು ನನ್ನ ಗಂಡ ನನ್ನನ್ನು ಶಾಲೆಗೆ ಕಳಿಸಲು ಒಪ್ಪಿದರು. ಅತ್ತೆ ನಾಗಮ್ಮನಿಗೆ ಒಪ್ಪಿಗೆ ಇರಲಿಲ್ಲ. “ಅಕ್ಷರ ಕಲೀಲಿ, ಬ್ಯಾಡ ಅನ್ನಂಗಿಲ್ಲ,” ಎಂದಳು. “ಆದ್ರ ಹಗಲ್ಹೊತ್ತು ಕಾಲು ಚಾಚಿ ಮಲಗೋ ಸೊಸೀನ ಈ ಮನ್ಯಾಗ ನಾ ನೋಡಿಲ್ಲ.”

ಊಟದ ಪಾತ್ರೆ ತಿಕ್ಕಿಟ್ಟು, ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ಸಾರಿಸಿದ ನೆಲದ ಮೇಲೆ ಚಾಪೆ ಹಾಸಿತ್ತು. ಹತ್ತು ಹನ್ನೊಂದು ಹೆಂಗಸರು. ಮೂಲೆಯ ಹಂಡೆಯ ನೀರಿನ ಮೇಲೆ ಅಕ್ಕೋರು ಒಂದು ಹಿತ್ತಾಳೆ ಬಟ್ಟಲನ್ನು ತೇಲಿಬಿಟ್ಟರು. ಮದುವೆಯ ಮುಹೂರ್ತಕ್ಕೆ ಇಡುವ ಗಳಿಗೆ ಬಟ್ಟಲು. ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ನಿಧಾನಕ್ಕೆ ನೀರು ತುಂಬಿ ಸರಿಯಾಗಿ ಒಂದು ಗಳಿಗೆಗೆ ಮುಳುಗುತ್ತದೆ. ಈಗಿನ ಗಡಿಯಾರದಲ್ಲಿ ಇಪ್ಪತ್ತನಾಲ್ಕು ನಿಮಿಷ.

“ಮಲಗು,” ಎಂದರು ನನಗೆ.

“ನಾ ಓದಾಕ ಬಂದೀನ್ರಿ.”

“ಗೊತ್ತೈತಿ. ಕಣ್ಣತುಂಬ ನಿದ್ದಿ ತುಂಬ್ಕೊಂಡು ಬಂದೀದಿ. ನಾ ಅಕ್ಷರ ಎಲ್ಲಿ ಇಡ್ಲಿ? ಮೊದಲು ಜಾಗ ಮಾಡು.”

ಕೂಸನ್ನು ಅವರೇ ಇಸಿದುಕೊಂಡರು. ಹಾಡುಹಗಲಲ್ಲಿ ಹತ್ತು ಮಂದಿಯ ನಡುವೆ ಅಡ್ಡಾಗಲು ನನಗೆ ನಾಚಿಕೆ. ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಆಮೇಲಿನದು ನೆನಪಿಲ್ಲ. ಅಂಗಾಲಿಗೆ ಯಾರೋ ಬೆರಳು ಮುಟ್ಟಿಸಿದಂತಾಗಿ ಎದ್ದೆ. ಅಕ್ಕೋರು ಎಲ್ಲರನ್ನೂ ಎಬ್ಬಿಸುತ್ತಿದ್ದದ್ದು ಹಾಗೆಯೇ, ಕೂಗದೆ, ಅಲುಗಾಡಿಸದೆ. ಅವತ್ತು ಕಲಿತದ್ದು ಎರಡೇ ಅಕ್ಷರ. ಮರುದಿನ ಕೇಳಿದಾಗ ಎರಡೂ ಇದ್ದವು. ನನಗೇ ನಂಬಿಕೆ ಬರಲಿಲ್ಲ. ತವರಿನಲ್ಲಿ ಅಣ್ಣ ವರ್ಷಗಟ್ಟಲೆ ಕಲಿಸಿ, ಇವಳ ತಲೆಯಲ್ಲಿ ಏನೂ ನಿಲ್ಲುವುದಿಲ್ಲವೆಂದು ಕೈಬಿಟ್ಟಿದ್ದ.

ಅಕ್ಕೋರ ಹಠ ಕುರುಡು ಹಠವಾಗಿರಲಿಲ್ಲ. ಪರೀಕ್ಷೆ ಮಾಡಿಯೇ ಒಂದು ಮಾತನ್ನು ನಂಬುತ್ತಿದ್ದರು. ಮೊದಮೊದಲು ಮಲಗಿಸಿ ಆಮೇಲೆ ಕಲಿಸುತ್ತಿದ್ದರು. ನಮ್ಮಲ್ಲಿ ಖಾಸಿಂಬಿ ಎಂಬವಳಿದ್ದಳು, ದರ್ಜಿಯ ಹೆಂಡತಿ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಒಂದು ದಿನ ಅವಳು ಹೇಳಿದಳು: “ಅಕ್ಕೋರ, ಮಲಗೋಕ್ಕಿಂತ ಮೊದಲು ಹಲಗಿ ಮ್ಯಾಲಿದ್ದ ಅಕ್ಷರ ನೋಡಿದ್ದೆ. ಎದ್ದ ಮ್ಯಾಲ ಅದೇ ಚಲೋ ನೆನಪು ಉಳದೈತ್ರಿ.” ಅಕ್ಕೋರು ಎಡಗಿವಿ ಮುಂದೆ ತಂದು ಮತ್ತೊಮ್ಮೆ ಹೇಳಿಸಿಕೊಂಡರು. ಮರುದಿನದಿಂದ ಬಾಗಿಲ ಕಡೆ ಕೂತವರಿಗೆ ನಿದ್ದೆಗೆ ಮೊದಲು, ಗೋಡೆ ಕಡೆ ಕೂತವರಿಗೆ ನಿದ್ದೆಯ ಮೇಲೆ ಅದೇ ಅಕ್ಷರಗಳನ್ನು ಕಲಿಸಿದರು. ಆಮೇಲೆ ಸಾಲುಗಳನ್ನು ಅದಲುಬದಲು ಮಾಡಿದರು. ಹದಿನೈದು ದಿನ ಹೀಗೆ ನಡೆಸಿ, ಕೊನೆಗೆ, ಮೊದಲು ಸ್ವಲ್ಪ ಹೊಸ ಪಾಠ, ನಡುವೆ ಒಂದು ಗಳಿಗೆ ನಿದ್ದೆ, ಎದ್ದ ಮೇಲೆ ಬರೆಸುವುದು ಎಂದು ಗೊತ್ತು ಮಾಡಿದರು. “ಬಿತ್ತಿದ ಮ್ಯಾಲ ಮಣ್ಣು ಮುಚ್ಚತೀವಲ್ಲ, ಹಂಗ ಇದು,” ಎಂದರು.

ಒಂದು ಗಳಿಗೆಗಿಂತ ಹೆಚ್ಚು ಮಲಗಲು ಬಿಡುತ್ತಿರಲಿಲ್ಲ. “ಹೆಚ್ಚಿಗಿ ಮಲಗಿದ್ರ ತಲಿ ಭಾರ ಆಗತೈತಿ, ರಾತ್ರಿ ನಿದ್ದಿನೂ ಕೆಡತೈತಿ” ಎನ್ನುವರು. ದಿನಕ್ಕೊಬ್ಬರು ಎಚ್ಚರವಿದ್ದು ಬಟ್ಟಲನ್ನೂ ಕೂಸುಗಳನ್ನೂ ನೋಡಿಕೊಳ್ಳಬೇಕು. ಉಳಿದವರ ಜೊತೆ ಅಕ್ಕೋರೂ ಮಲಗುತ್ತಿದ್ದರು, ನೇರವಾಗಿ, ಬಲಗೈಯನ್ನು ತಲೆಯ ಕೆಳಗಿಟ್ಟುಕೊಂಡು.

ಒಂದೆರಡು ತಿಂಗಳಲ್ಲಿ ನಾನು ಮನೆಯಲ್ಲಿ ದನಿ ಏರಿಸುವುದು ಕಡಿಮೆಯಾಯಿತು. ಕೂಸಿನ ಅಳು ಮೊದಲಿನಷ್ಟೇ ಇತ್ತು. ಅದನ್ನು ಕೇಳುವ ನಾನು ಬೇರೆಯಾಗಿದ್ದೆ. ಇದನ್ನು ಅಕ್ಕೋರಿಗೆ ಹೇಳಿದಾಗ ಅವರು ಹಿಗ್ಗಲಿಲ್ಲ. “ರಾತ್ರಿ ಕಳಕೊಂಡ ನಿದ್ದಿ ಎಲ್ಲಾ ಹಗಲಿನ ಒಂದು ಗಳಿಗ್ಯಾಗ ಬರಂಗಿಲ್ಲ. ನಿಮ್ಮತ್ತಿ ಕೂಡ ನಾ ಮಾತಾಡಬೇಕು,” ಎಂದರು.

ಮರುದಿನವೇ ಬಂದರು. ಅತ್ತೆ ಪಡಸಾಲೆಯಲ್ಲಿ ಬೇಳೆ ಆರಿಸುತ್ತಿದ್ದಳು. ಅಕ್ಕೋರು ಎದುರಿಗೆ ಕೂತು ತಾವೂ ಆರಿಸತೊಡಗಿದರು.

“ನಿಮ್ಮ ಸೊಸಿ ಒಬ್ಬಾಕಿನೇ ದಿನಾ ಬೀಸತಾಳಂತಲ್ರಿ ನಾಗಮ್ಮ.”

“ನಾವೂ ಬೀಸೀವ್ರಿ. ನಾವೇನು ಸತ್ತೇವೇನು?”

“ಸಾಯಲಿಲ್ರಿ. ಆ ವಯಸ್ಸಿನ್ಯಾಗ ನೀವು ಹೆಂಗಿದ್ರಿ, ನೆನಪೈತೇನು?”

ಅತ್ತೆ ಬೇಳೆಯೊಳಗಿನ ಒಂದು ಹರಳನ್ನು ಆರಿಸಿ ಆಚೆಗಿಟ್ಟಳು. ಆಮೇಲೆ ಬೇಳೆಯನ್ನೇ ನೋಡುತ್ತ ಹೇಳಿದಳು. “ನೆನಪಿಲ್ರಿ. ನನ್ನ ಮಕ್ಕಳು ಸಣ್ಣಾವಿದ್ದಾಗ ಹೆಂಗ ನಗತಿದ್ವು, ಏನು ಮಾತಾಡತಿದ್ವು, ಒಂದೂ ನೆನಪಿಲ್ಲ. ಕಲ್ಲಿನ ಸಪ್ಪಳ ಅಷ್ಟ ನೆನಪೈತಿ.”

ಅಕ್ಕೋರು ಬೇಳೆ ಮುಗಿಯುವವರೆಗೆ ಕೂತಿದ್ದು ಎದ್ದು ಹೋದರು. ಆ ವಾರದಿಂದ ಬೀಸುವ ಕೆಲಸ ನನಗೂ ಮನೆಯ ಇನ್ನೊಬ್ಬ ಸೊಸೆ ನನ್ನ ನೆಗೆಣ್ಣಿಗೂ ದಿನ ಬಿಟ್ಟು ದಿನ ಎಂದಾಯಿತು. ಇನ್ನೊಂದು ವಾರಕ್ಕೆ ಅತ್ತೆ ನನ್ನ ಹಿಂದೆಯೇ ಶಾಲೆಗೆ ಬಂದಳು. “ನನಗ ಅಕ್ಷರ ಬ್ಯಾಡ್ರಿ. ನಿದ್ದಿ ಅಷ್ಟ ಸಾಕು,” ಎಂದು ಗೋಡೆ ಕಡೆ ಚಾಪೆ ಹಿಡಿದಳು. ಅಕ್ಕೋರು ಒಪ್ಪಿಕೊಂಡರು. ಪಾಠದ ಹೊತ್ತಿಗೆ ಅತ್ತೆ ಗೋಡೆಗೊರಗಿ ಕೇಳುತ್ತಿದ್ದಳು. ಮೂರು ತಿಂಗಳ ಮೇಲೆ ಒಂದು ದಿನ, ನಾನು ತಪ್ಪು ಬರೆದ ‘ಗ’ವನ್ನು ಹಿಂದಿನಿಂದ ಬಂದು ಅವಳೇ ತಿದ್ದಿದಳು.

ಹಬ್ಬದ ಹಿಂದಿನ ದಿನ ಎಲ್ಲರಿಗೂ ಗಡಿಬಿಡಿ. “ಇವತ್ತೊಂದಿನ ನಿದ್ದಿ ಬಿಟ್ಟು ಪಾಠ ಮಾಡ್ರಿ,” ಎಂದು ನಾನು ಕೇಳಿದೆ. ಅಕ್ಕೋರು ಒಪ್ಪಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ನಿಲ್ಲಿಸಿ, ಒಡೆದ ಪಾಟಿಯ ಚೌಕಟ್ಟಿಗೆ ದಾರ ಸುತ್ತುತ್ತ ಹೇಳಿದರು.

“ನನ್ನ ಗಂಡ ಹಾಸಿಗಿ ಹಿಡಿದಾಗ ನನಗ ಹತ್ತೊಂಬತ್ತು. ಎಂಟು ದಿನ ಹಗಲೂ ರಾತ್ರಿ ನಾನೊಬ್ಬಾಕೀನೇ ನೋಡಿಕೊಂಡೆ. ದವಾಖಾನಿಯಿಂದ ಎರಡು ಬಾಟ್ಲಿ ಕೊಟ್ಟಿದ್ರು. ಒಂದು ಕುಡಿಯೋದು, ಒಂದು ಎದಿಗಿ ತಿಕ್ಕೋದು. ಎರಡರ ಮ್ಯಾಲೂ ಚೀಟಿ ಹಚ್ಚಿತ್ತು. ಒಂಬತ್ತನೇ ದಿನ ತಿಕ್ಕೋದನ್ನ ಕುಡಿಸಿದೆ.”

ಅಕ್ಕೋರು ದಾರವನ್ನು ಇನ್ನೊಂದು ಸುತ್ತು ಬಿಗಿದರು.

“ವಾಂತಿ ಆತು, ಹೊರಗ ಬಂತು. ಅದಾದ ಮ್ಯಾಲ ಆರು ದಿನ ಇದ್ರು. ಹೆಂಗೂ ಉಳೀತಿರಲಿಲ್ಲ ಅಂತ ವೈದ್ಯರು ಅಂದ್ರು. ಇರಬಹುದು. ನನಗ ಗೊತ್ತಿಲ್ಲ. ಚೀಟಿ ಓದಾಕ ಬರತಿರಲಿಲ್ಲ, ಅದು ಒಂದು. ಕಣ್ಣು ತೆರದಿದ್ರೂ ಕಾಣತಿರಲಿಲ್ಲ, ಅದು ಇನ್ನೊಂದು. ಎರಡರಾಗ ಯಾವುದು ಇಲ್ಲದಿದ್ರೂ ಹಂಗ ಆಗತಿರಲಿಲ್ಲ. ಅದಕ್ಕ ನಾ ಅಕ್ಷರ, ನಿದ್ದಿ ಎರಡನ್ನೂ ಬಿಡಂಗಿಲ್ಲ.”

ದಾರಕ್ಕೆ ಗಂಟು ಹಾಕಿ, ಹಲ್ಲಿನಿಂದ ಕಡಿದು, ಪಾಟಿಯನ್ನು ನನ್ನ ಕೈಗೆ ಕೊಟ್ಟರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಎರಡನೆಯ ವರ್ಷ ಯಾರೋ ಅರ್ಜಿ ಹಾಕಿದರು. ಸರ್ಕಾರದ ಇಜಾಜತ್, ಅಂದರೆ ಅಪ್ಪಣೆ, ಇಲ್ಲದೆ ಶಾಲೆ ನಡೆದಿದೆ, ಮನೆತನಸ್ಥ ಹೆಂಗಸರು ಹಗಲು ಮಲಗಿ ಸೋಮಾರಿಗಳಾಗುತ್ತಿದ್ದಾರೆ ಎಂದು. ಲಿಂಗಸುಗೂರಿನಿಂದ ಶಾಲೆ ತಪಾಸಣೆಯ ಸಾಹೇಬರು ಕುದುರೆ ಗಾಡಿಯಲ್ಲಿ ಬಂದಾಗ ನಾವು ಮಲಗಿದ್ದೆವು. ಎಚ್ಚರವಿದ್ದ ಖಾಸಿಂಬಿ ಅಕ್ಕೋರ ಅಂಗಾಲು ಮುಟ್ಟಿದಳು. ಅವರು ಎದ್ದು ಹೊರಗೆ ಹೋಗಿ ಹಿಂದಿನಿಂದ ಬಾಗಿಲು ಎಳೆದುಕೊಂಡರು. ನನಗೂ ಎಚ್ಚರವಾಗಿತ್ತು, ಹಾಗೆಯೇ ಮಲಗಿ ಕೇಳಿಸಿಕೊಂಡೆ. ಸಾಹೇಬರ ಮನೆಮಾತು ಉರ್ದು. ಕನ್ನಡ ಚೆನ್ನಾಗಿ ಬರುತ್ತಿತ್ತು.

“ಇದು ಮದ್ರಸಾನೋ, ದಾರಿಹೋಕರು ಮಲಗೋ ಮುಸಾಫಿರಖಾನೇನೋ?”

“ಸಾಲಿ ರೀ ಸಾಹೇಬ್ರ. ಇನ್ನ ಅರ್ಧ ಗಳಿಗಿ ಐತಿ, ಕುಂದರ್ರಿ.”

“ನಾನು ಕಾಯಬೇಕೇನು?”

“ಹೆಣ್ಣುಮಕ್ಕಳು ಮಲಗ್ಯಾರ್ರಿ. ಈಗ ಒಳಗ ಬರೋದು ನಿಮಗೂ ಚಂದಲ್ಲ, ನಮಗೂ ಚಂದಲ್ಲ.”

ಸಾಹೇಬರು ಕಟ್ಟೆಯ ಮೇಲೆ ಕೂತರು. ಬಟ್ಟಲು ಮುಳುಗಿದ ಮೇಲೆ ಒಳಗೆ ಬಂದು, ನಮ್ಮ ಪಾಟಿಗಳನ್ನು ನೋಡಿ, ಒಬ್ಬಿಬ್ಬರಿಂದ ಓದಿಸಿದರು. ಅವರ ಮುಖ ಸಡಿಲಾದದ್ದು ನನಗೆ ಕಂಡಿತು. ಆದರೂ, “ಇಜಾಜತ್ ಇಲ್ಲದ ಖಾಸಗಿ ಸಾಲಿ ನಡೆಸಾಕ ಬರಂಗಿಲ್ಲ. ಅರ್ಜಿ ಕೊಡ್ರಿ. ಅಲ್ಲೀತನಕ ಬೀಗ,” ಎಂದು ಬೀಗ ಹಾಕಿಸಿ, ಮೇಲೆ ಅರಗಿನ ಮುದ್ರೆ ಒತ್ತಿಸಿ ಹೋದರು.

ಅಕ್ಕೋರು ಅವತ್ತೇ ಅರ್ಜಿ ಬರೆದರು. ಹೆಬ್ಬೆಟ್ಟು ಒಂದೂ ಇಲ್ಲದೆ ನಾವು ಹನ್ನೆರಡು ಮಂದಿ ಸಹಿ ಮಾಡಿದೆವು. ಟಪಾಲಿನಲ್ಲಿ ಹೋದ ಅರ್ಜಿ ಹದಿನೈದು ದಿನಕ್ಕೆ ಕಚೇರಿಯ ಜವಾನನ ಕೈಯಲ್ಲಿ ತಿರುಗಿ ಬಂತು. ಎಲ್ಲ ಸಹಿಗಳೂ ಒಂದೇ ಕೈಯವು ಅನ್ನಿಸುತ್ತವೆ, ಸಹಿ ಮಾಡಿದವರಲ್ಲಿ ಮೂವರಾದರೂ ಬಂದು ಎದುರಿಗೆ ಬರೆದು ತೋರಿಸಬೇಕೆಂದು ಸಾಹೇಬರು ಹೇಳಿ ಕಳಿಸಿದ್ದರು. ಅನುಮಾನಕ್ಕೆ ಕಾರಣವೂ ಇತ್ತು. ನಾವೆಲ್ಲ ಅಕ್ಕೋರ ಅಕ್ಷರವನ್ನೇ ನೋಡಿ ತಿದ್ದಿದವರು. ಅವರ ‘ಮ’ ಕೊನೆಯಲ್ಲಿ ಹೇಗೆ ಮೇಲಕ್ಕೇಳುತ್ತಿತ್ತೋ ಹಾಗೆಯೇ ನಮ್ಮೆಲ್ಲರದೂ ಏಳುತ್ತಿತ್ತು.

ನಮ್ಮ ಅಂಗಡಿಯ ಚಕ್ಕಡಿಯಲ್ಲಿ ನಾಲ್ಕು ಮಂದಿ ಹೊರಟೆವು: ಅಕ್ಕೋರು, ಅತ್ತೆ, ಖಾಸಿಂಬಿ, ನಾನು. ನಸುಕಿಗೆ ಬಿಟ್ಟು ಸಂತೆಕಲ್ಲೂರಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಹಿಂದಿನ ರಾತ್ರಿ ಯಾರೂ ಸರಿಯಾಗಿ ಮಲಗಿರಲಿಲ್ಲ. ಕಲ್ಲುದಾರಿಯ ಕುಲುಕಾಟಕ್ಕೆ ಮೈಯೆಲ್ಲ ನುಗ್ಗಾಗಿತ್ತು. ಲಿಂಗಸುಗೂರು ಕಣ್ಣಿಗೆ ಕಾಣುತ್ತಿದೆ ಎನ್ನುವಾಗ ಅಕ್ಕೋರು ಒಂದು ಬಾವಿಯ ಹತ್ತಿರ, ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರು. ಗಂಟಿನಿಂದ ಬಟ್ಟಲು ತೆಗೆದರು.

“ಇಲ್ಲೂ ಏನ್ರಿ?” ಅತ್ತೆ ಗಾಬರಿಯಾದಳು. “ಕಚೇರಿ ಮುಚ್ಚಿದ್ರ?”

“ಮುಚ್ಚಿದ್ರ ನಾಳಿಗಿ ತೆಗೀತಾರ. ಕೈ ನಡುಗಿ ಸಹಿ ಕೆಟ್ಟಿತು ಅಂದ್ರ ನಮ್ಮನ್ನ ಮತ್ತ ಕರಿಯಂಗಿಲ್ಲ. ಮಲಗ್ರಿ.”

ದಾರಿಹೋಕರು ನಿಂತು ನೋಡಿದರು. ಬಟ್ಟಲು ನೋಡಲು ಗಾಡಿ ಹೊಡೆಯುವವನಿಗೆ ಹೇಳಿ ನಾವು ಮಲಗಿದೆವು. ನನಗೆ ನಿದ್ದೆ ಹತ್ತಲಿಲ್ಲ, ಬರೀ ಕಣ್ಣು ಮುಚ್ಚಿದ್ದೆ. ಅತ್ತೆ ಮಾತ್ರ ಗೊರಕೆ ಹೊಡೆದಳು.

ಕಚೇರಿಯಲ್ಲಿ ಸಾಹೇಬರು ಹೊಸ್ತಿಲ ಹತ್ತಿರ ಮೇಜು ಹಾಕಿಸಿದರು. ಖಾಸಿಂಬಿ ಬರೆದಳು, ನಾನು ಬರೆದೆ. ಅತ್ತೆ ತನ್ನ ಹೆಸರು ಬರೆದು ಲೇಖನಿ ಕೆಳಗಿಟ್ಟಳು. ಸಾಹೇಬರು ಅರ್ಜಿಯ ಜೊತೆ ಹೋಲಿಸಿ ನೋಡಿದರು.

“ಹೆಸರು ಯಾರು ಬೇಕಾದ್ರೂ ಬಾಯಿಪಾಠ ಮಾಡಬಹುದು,” ಎಂದು ಅತ್ತೆಯ ಕಡೆ ತಿರುಗಿದರು. “ನಿಮ್ಮ ಊರಿನ ಹೆಸರು ಬರೀರಿ ನೋಡೋಣ, ಮಸ್ಕಿ ಅಂತ.”

ಅತ್ತೆಗೆ ಒತ್ತಕ್ಷರ ಅಂತ ಬರುತ್ತಿದ್ದದ್ದು ತನ್ನ ಹೆಸರಿನಲ್ಲಿದ್ದ ‘ಮ್ಮ’ ಒಂದೇ. ಅಕ್ಕೋರು ಗೋಡೆಯ ಕಡೆ ಮುಖ ಮಾಡಿ ನಿಂತರು, ಸನ್ನೆ ಮಾಡಿದರೆಂಬ ಮಾತು ಬರಬಾರದೆಂದು. ಅತ್ತೆ ಕಣ್ಣು ಮುಚ್ಚಿ, ತುಟಿಯಲ್ಲೇ ಊರಿನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿಕೊಂಡಳು. ಅವಸರವೇ ಇಲ್ಲ. ಆಮೇಲೆ ಮೂರು ಅಕ್ಷರ ಬರೆದಳು: ಮಸಕಿ.

ಸಾಹೇಬರು ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ತಪ್ಪೈತಿ,” ಎಂದರು. ಅತ್ತೆಯ ಮುಖ ಬಾಡಿತು. “ಆದ್ರ ಬಾಯಿಪಾಠ ಮಾಡಿದವರು ಇಂಥ ತಪ್ಪು ಮಾಡಂಗಿಲ್ಲ. ಇದು ನೀವೇ ಯೋಚನಿ ಮಾಡಿ ಬರ್ದದ್ದು. ನೀವು ಊರಿಗಿ ಹೋಗ್ರಿ. ಜವಾಬು ಬರತೈತಿ.”

ಜವಾಬು ಬರಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಅಕ್ಕೋರು ಸುಮ್ಮನೆ ಕೂಡಲಿಲ್ಲ. ದಿನಕ್ಕೊಂದು ಮನೆಯ ಹಿತ್ತಿಲಿಗೆ ಬಂದು ಇಬ್ಬಿಬ್ಬರನ್ನೇ ಕೂರಿಸಿಕೊಂಡು ಕಲಿಸಿದರು. ಅಲ್ಲಿಯೂ ಒಂದು ಗಳಿಗೆ ಮಲಗಿಸಿದರು. ಟಪಾಲಿನವನು ಲಕೋಟೆ ತಂದ ದಿನ ನಾವೆಲ್ಲ ನಮ್ಮ ಮನೆಯ ಪಡಸಾಲೆಯಲ್ಲಿ ಸೇರಿದೆವು. ಅಕ್ಕೋರು ಲಕೋಟೆ ಒಡೆದು ಕಾಗದ ಬಿಡಿಸಿದರು, ಮತ್ತೆ ಮಡಚಿದರು. ಅದೆಲ್ಲ ಉರ್ದು.

“ಕೊಡ್ರಿ, ಅಂಗಡ್ಯಾಗ ಯಾರ ಕಡಿಂದರೆ ಓದಿಸಿಕೊಂಡು ಬರತಾರ,” ಎಂದಳು ಅತ್ತೆ.

“ಬ್ಯಾಡ್ರಿ,” ಎಂದರು ಅಕ್ಕೋರು. “ನಮ್ಮ ಕಾಗದ ನಾವೇ ಓದೂಣು. ಖಾಸಿಂಬಿ, ನಿನಗ ಈ ಅಕ್ಷರ ಬರತಾವಿಲ್ಲೋ?”

ಖಾಸಿಂಬಿ ಹಿಂದೆ ಸರಿದಳು. “ಸಣ್ಣಾಕಿದ್ದಾಗ ನಮ್ಮ ದಾದಾ ಉರ್ದು ಅಲಿಫ್ ಬೇ ಕಲಿಸಿದ್ರು. ಇದು ಕಚೇರಿ ಬರವಣಗಿ ರೀ, ಹರದಾಡೈತಿ.”

“ಹೊತ್ತು ಬೇಕಾದಷ್ಟೈತಿ. ಕುಂದರು.”

ಅವಳು ಬೆರಳನ್ನು ಬಲದಿಂದ ಎಡಕ್ಕೆ ಸರಿಸುತ್ತ ಹೋದಳು. ಗೊತ್ತಾಗದ ಕಡೆ ಬಿಟ್ಟಳು, ಹಿಂದಕ್ಕೆ ಬಂದಳು. ಮಸ್ಕಿ ಅಂತ ಸಿಕ್ಕಿತು. ಹೆಂಗಸರದು ಎನ್ನುವ ಮಾತು, ಜನಾನಾ ಅಂತ, ಸಿಕ್ಕಿತು. ಬಿಸಿಲು ಪಡಸಾಲೆಯ ಮೆಟ್ಟಿಲು ದಾಟಿ ಒಳಗೆ ಬಂತು.

“ಇಜಾಜತ್ ಅಂತ ಐತ್ರಿ,” ಎಂದಳು.

“ಕೊಟ್ಟಾರಂತೋ, ಇಲ್ಲಂತೋ?”

“ಅದು ಸಾಲಿನ ಕೊನಿಗಿ ಇರತೈತ್ರಿ.”

ಅವಳ ಬೆರಳು ಕೊನೆಯ ಮಾತುಗಳ ಮೇಲೆ ನಿಂತಿತು. “ದೀ... ಜಾತೀ... ಹೈ.” ಕಾಗದದಿಂದ ತಲೆಯೆತ್ತಿ, ಅವಳೇ ನಂಬದವಳ ಹಾಗೆ ಹೇಳಿದಳು. “ಕೊಟ್ಟಾರ್ರಿ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಕೋರು ಕಾಗದವನ್ನು ಕೈಗೆ ತೆಗೆದುಕೊಂಡು ತಮಗೆ ತಿಳಿಯದ ಆ ಅಕ್ಷರಗಳನ್ನು ನೋಡುತ್ತ ಕೂತರು. “ಕಚೇರಿಯವರ ಅಕ್ಷರ ನಮಗ್ಯಾಕ ಅಂತ ಇಷ್ಟು ದಿನ ಹಠ ಹಿಡಿದಿದ್ದೆ,” ಎಂದರು. “ನಂದು ತಪ್ಪಾತು.”

ಮರುದಿನ ತಳವಾರ ಬಂದು ಮುದ್ರೆ ಒಡೆದು ಬೀಗ ತೆಗೆದ. ಎರಡೂವರೆ ತಿಂಗಳ ಧೂಳು ಗುಡಿಸಿ, ನೆಲ ಸಾರಿಸಿ, ಆರಿದ ಮೇಲೆ ಚಾಪೆ ಹಾಸಿ ಒಂದು ಗಳಿಗೆ ಮಲಗಿದೆವು. ಎದ್ದು ನೋಡಿದರೆ ಅಕ್ಕೋರು ಹಲಗೆಯ ಮುಂದೆ ಇರಲಿಲ್ಲ. ತೊಡೆಯ ಮೇಲೆ ಪಾಟಿ ಇಟ್ಟುಕೊಂಡು, ನಮ್ಮ ಸಾಲಿನಲ್ಲಿ, ಅತ್ತೆಯ ಪಕ್ಕ ಕೂತಿದ್ದರು. ಬಳಪ ಖಾಸಿಂಬಿಯ ಕೈಯಲ್ಲಿತ್ತು. ಅವಳು ನಾಚಿಕೊಂಡು ನಿಂತೇ ಇದ್ದಳು. ಅಕ್ಕೋರು ಎಡಗಿವಿ ಮುಂದೆ ತಂದು, “ಶುರು ಮಾಡ್ರಿ, ಅಕ್ಕೋರ,” ಎಂದರು.